ಉಗಾಂಡಾ: ಚಿಕಿತ್ಸೆಗೆ ಮುಂಚಿನ ಎಚ್‌ಐವಿ ಔಷಧ ನಿರೋಧ ಸಮೀಕ್ಷೆಗೆ ಡಿಬಿಎಸ್ (ಒಣಗಿಸಿದ ರಕ್ತದ) ಕಾರ್ಡ್ ಸಾಕೇ?

ಪ್ರಶ್ನೆ
ಉಗಾಂಡಾದ ಹಳ್ಳಿ ಕ್ಲಿನಿಕ್‌ಗಳಲ್ಲಿ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧ ಚಿಕಿತ್ಸೆ) ಶುರುಮಾಡಲು ಬರುವವರ ರಕ್ತವನ್ನು ಎಂಟೆಬೆಯ ಲ್ಯಾಬಿಗೆ ಕಳಿಸಬೇಕು. ದಾರಿಯಲ್ಲಿ ಕೋಲ್ಡ್ ಚೈನ್ (ತಂಪಾಗಿಯೇ ಸಾಗಿಸುವ ವ್ಯವಸ್ಥೆ) ನೆಚ್ಚುವಂತಿಲ್ಲ. ಪ್ಲಾಸ್ಮಾ (ರಕ್ತಕಣ ಬೇರ್ಪಡಿಸಿದ ದ್ರವ) ಬದಲು ಕಾರ್ಡಿನಲ್ಲಿ ಒಣಗಿಸಿದ ರಕ್ತ ನಡೆಯುತ್ತದೆಯೇ? ಹಿಂದೆ ಮಾತ್ರೆ ತಿಂದು ಬಿಟ್ಟವರನ್ನು ಕೈಬಿಡಬೇಕೇ? ಈಗ ಎಲ್ಲ ಡೊಲುಟೆಗ್ರಾವಿರ್ ಇರುವ ಮಾತ್ರೆ ಆಗಿರುವಾಗ ವೈರಸ್ಸಿನ ಯಾವ ಜೀನ್ ನೋಡಬೇಕು?

ಉತ್ತರ 1
ನಡೆಯುತ್ತದೆ. ಚಿಕಿತ್ಸೆ ಪಡೆಯದವರಲ್ಲಿ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಮಿಲಿಲೀಟರಿಗೆ 1,000 ಪ್ರತಿಗಳಿಗಿಂತ ಕೆಳಗಿದ್ದರೆ ಮಾತ್ರ ಪಿಸಿಆರ್ (ಜೀನ್ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಪದೇಪದೇ ಕೈಕೊಡುತ್ತದೆ. ರಕ್ತವನ್ನು ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿನಲ್ಲೇ ತೆಗೆಯಿರಿ, ಅದೇ ಕೆಲಸದ ಹೆಪಾರಿನ್ ಪಿಸಿಆರ್‌ಗೆ ಅಡ್ಡಿ. ವಾಟ್‌ಮನ್ 903 ಕಾರ್ಡಿನ ಐದೂ ವೃತ್ತಗಳಿಗೆ ಪಿಪೆಟ್‌ನಿಂದ 50ರಿಂದ 75 ಮೈಕ್ರೋಲೀಟರ್ ಹಾಕಿ, ಬಿಸಿಲು ತಾಗದಂತೆ ರಾತ್ರಿಯಿಡೀ ಒಣಗಿಸಿ. ಆಮೇಲೆ ನಡುವೆ ಗ್ಲಾಸೀನ್ ಕಾಗದ, ಜಿಪ್ ಚೀಲ, ಸಿಲಿಕಾ ಜೆಲ್, ತೇವಾಂಶ ಸೂಚಕ ಚೀಟಿ. ಚೀಟಿ ಬಣ್ಣ ಬದಲಿಸಿದರೆ ಜೆಲ್ ಬದಲಿಸಿ. 14 ದಿನದೊಳಗೆ ಕಾರ್ಡು ಫ್ರೀಜರ್ ಸೇರಲಿ.

ವೈರಲ್ ಲೋಡ್ ಬಂದ ಕಾರ್ಡಿನಲ್ಲೂ ಸೀಕ್ವೆನ್ಸ್ (ಜೀನಿನ ಅಕ್ಷರಕ್ರಮ) ಬಾರದೇ ಹೋಗಬಹುದು. ವೈರಲ್ ಲೋಡಿಗೆ ಚಿಕ್ಕ ತುಂಡು ಸಾಕು, ಸೀಕ್ವೆನ್ಸಿಗೆ ಸುಮಾರು 1,000 ಬೇಸ್ (ಅಕ್ಷರ) ಉದ್ದದ ಆರ್‌ಎನ್‌ಎ ಮುರಿಯದೆ ಉಳಿದಿರಬೇಕು. ಸೆಕೆ, ತೇವ ಎರಡೂ ಅದನ್ನು ತುಂಡರಿಸುತ್ತವೆ.

ಉತ್ತರ 2
ಬಿಟ್ಟವರನ್ನು ದಯವಿಟ್ಟು ಕೈಬಿಡಬೇಡಿ. ನಿರೋಧ ಹೆಚ್ಚು ಸಿಗುವುದೇ ಅವರಲ್ಲಿ. ಸೇರಿಸಿಕೊಂಡು, ಲೆಕ್ಕ ಬೇರೆ ಕೊಡಿ. “ಮೊದಲು ಎಆರ್‌ಟಿ ತಗೊಂಡಿದ್ದೀರಾ?” ಎಂದಷ್ಟೇ ಕೇಳಿದರೆ ಬೈಗುಳದ ಭಯಕ್ಕೆ ಇಲ್ಲ ಎನ್ನುತ್ತಾರೆ. ಬಸುರಿಯಾಗಿದ್ದಾಗ ಕೊಟ್ಟ ಮಾತ್ರೆ, ಸೋಂಕು ತಡೆಗೆ ತಿಂದ ಪ್ರೆಪ್, ಬೇರೆ ಊರಿನ ಕ್ಲಿನಿಕ್, ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಬೇಕು. ರಕ್ತ ಮಾತ್ರ ಮೊದಲ ಮಾತ್ರೆಗೆ ಮುಂಚೆಯೇ ತೆಗೆದಿರಬೇಕು.

ಮಾತ್ರೆ ಬಿಟ್ಟು ತಿಂಗಳುಗಳಾದರೆ ಎಂ184ವಿ ಎಂಬ ನಿರೋಧ ತರುವ ಬದಲಾವಣೆ ಹಿಂದೆ ಸರಿಯುತ್ತದೆ. ವೈರಸ್ಸುಗಳಲ್ಲಿ 20 ಶೇಕಡಕ್ಕಿಂತ ಕಡಿಮೆ ಇರುವುದನ್ನು ಸೀಕ್ವೆನ್ಸ್ ಓದುವ ಸ್ಯಾಂಗರ್ ವಿಧಾನ ಸಾಮಾನ್ಯವಾಗಿ ಕಾಣುವುದಿಲ್ಲ. ಕೆ103ಎನ್ ಎಂಬ ಇನ್ನೊಂದು ಬದಲಾವಣೆ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಕೆ103ಎನ್ ಒಂದೇ ಕಂಡರೂ ಹಳೆಯ ಚಿಕಿತ್ಸೆಯ ಬಗ್ಗೆ ಮತ್ತೊಮ್ಮೆ ವಿಚಾರಿಸಿ. ಅದು ಇನ್ನೊಬ್ಬರಿಂದ ದಾಟಿ ಬಂದಿರಲೂಬಹುದು.

ಉತ್ತರ 3
ಜೀನ್ ವಿಷಯ: ಹಿಂದೆ ನೆವಿರಪಿನ್, ಎಫಾವಿರೆಂಜ್ ಎಂಬ ಹಳೆಯ ಔಷಧಗಳಿಗೆ ನಿರೋಧ 10 ಶೇಕಡ ಮುಟ್ಟಿದರೆ ಮೊದಲ ಸಾಲಿನ ಔಷಧ ಬದಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತ್ತು, ಉಗಾಂಡಾ ಆ ಗೆರೆ ದಾಟಿತ್ತು. ಈಗ ಡೊಲುಟೆಗ್ರಾವಿರ್ ಗುರಿಯಿಡುವ ಇಂಟಿಗ್ರೇಸ್ ಜೀನ್ ಓದಲೇಬೇಕು: ಆರ್263ಕೆ, ಜಿ118ಆರ್, ಕ್ಯೂ148ರ ಬದಲಾವಣೆಗಳು. ಆದರೆ ಅದೇ ಮಾತ್ರೆಯಲ್ಲಿ ಟೆನೊಫೊವಿರ್, ಲಾಮಿವುಡಿನ್ ಕೂಡ ಇರುವುದರಿಂದ ಅವುಗಳ ಗುರಿಯಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಜೀನ್ ಬಿಡುವಂತಿಲ್ಲ. ಎರಡಕ್ಕೂ ಬೇರೆ ಪಿಸಿಆರ್ ಇಟ್ಟರೆ ಒಂದೆರಡು ವೃತ್ತ ಮೀಸಲಿಡಿ. ಪ್ರೈಮರ್‌ಗಳು (ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳು) ಅಲ್ಲಿನ ಎ1, ಡಿ ಉಪಬಗೆಗಳಿಗೆ ಹೊಂದಬೇಕು.

ಕಾರ್ಡಿನಲ್ಲಿ ಜೀವಕೋಶದ ಡಿಎನ್‌ಎ, ಅದರೊಳಗೆ ಸೇರಿಕೊಂಡ ವೈರಸ್ಸಿನ ಜೀನ್ ಕೂಡ ಇರುತ್ತದೆ. ಎಂ184ಐ ಬದಲಾವಣೆ ಜೊತೆಗೆ ಸ್ಟಾಪ್ ಕೋಡಾನ್‌ಗಳು (ಪ್ರೋಟೀನ್ ಅರ್ಧಕ್ಕೇ ನಿಲ್ಲಿಸುವ ಸಂಕೇತಗಳು) ಕಂಡರೆ ಅದು ಸತ್ತ ವೈರಸ್ಸಿನ ಹೈಪರ್‌ಮ್ಯುಟೇಶನ್ (ಒಟ್ಟಿಗೇ ಆದ ಹಲವು ಬದಲಾವಣೆ); ನಿರೋಧ ಎಂದು ಎಣಿಸಬೇಡಿ. ಒಂದೇ ಪ್ಲೇಟಿನ ಎರಡು ಸೀಕ್ವೆನ್ಸ್ ತದ್ರೂಪವಾಗಿದ್ದರೆ ಮಾದರಿ ಬೆರೆತಿದೆಯೇ ಎಂದು ನೋಡಿ, ಉಳಿದ ವೃತ್ತದಿಂದ ಮರುಪರೀಕ್ಷೆ ಮಾಡಿ.