ಈ ವಾರದ ಸಮಸ್ಯೆ: ತಕ್ಕಡಿಯ ಬಿಟ್ಟವನ ಕೈಯೊಳಗೆ ತೂಕ

ಗೆಳೆಯರೇ, ಈ ಸಲ ಪಂಚಮಾತ್ರೆಯ ಚೌಪದಿ, ಅಂದರೆ ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಪದ್ಯ. ಕೊನೆಯ ಸಾಲು ಮೇಲೆ ಕೊಟ್ಟಿದ್ದೇನೆ, ಉಳಿದ ಮೂರನ್ನು ತುಂಬುವುದೇ ಪೂರಣ. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) 'ಕ್ಕ', ಬಿಡುವ ಹಾಗಿಲ್ಲ. ವಸ್ತು ಅಮೆರಿಕದ ಡೇವಿಡ್ ಡೇವಿಸ್. 1815ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿ, ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ವಕೀಲಿಕೆ ಮಾಡಿ, 1848ರಿಂದ ಊರೂರು ಸುತ್ತುವ ಸರ್ಕಿಟ್ ಕೋರ್ಟಿನ ಜಡ್ಜ್ ಆದವರು. ಅದೇ ಕೋರ್ಟಿನಲ್ಲಿ ವಾದ ಮಾಡುತ್ತಾ ಜೊತೆಗೇ ಊರೂರು ಸುತ್ತುತ್ತಿದ್ದ ವಕೀಲ ಲಿಂಕನ್! 1860ರಲ್ಲಿ ರಿಪಬ್ಲಿಕನ್ ಪಕ್ಷದ ಷಿಕಾಗೋ ಸಮಾವೇಶದಲ್ಲಿ ಲಿಂಕನ್‌ಗೆ ಅಧ್ಯಕ್ಷ ಚುನಾವಣೆಯ ಟಿಕೆಟ್ ಕೊಡಿಸಲು ಓಡಾಡಿದ್ದೂ ಇವರೇ. 1862ರಲ್ಲಿ ಲಿಂಕನ್ ಇವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು.

ಪೂರಣ 1

ಪಕ್ಕವೆರಡರೊಳೇಳು ಏಳು ಮಂದಿಯು ಕುಳಿತು
ಮಿಕ್ಕವನ ಮುಖ ನೋಡಿ ಕಾಯುತಿರೆ ನಾಡು
ಒಳ್ಳೆಮನಸಿನ ಡೇವಿಸೆದ್ದು ಹೊರಟೇ ಬಿಟ್ಟ
ತಕ್ಕಡಿಯ ಬಿಟ್ಟವನ ಕೈಯೊಳಗೆ ತೂಕ

ಇದು 1877ರ ಕಥೆ. ರಿಪಬ್ಲಿಕನ್ ಪಕ್ಷದ ಹೇಯ್ಸ್ ಮತ್ತು ಡೆಮಾಕ್ರಟಿಕ್ ಪಕ್ಷದ ಟಿಲ್ಡನ್ ನಡುವಿನ ಅಧ್ಯಕ್ಷ ಚುನಾವಣೆ ಗೋಜಲಾಗಿ, ತೀರ್ಮಾನಕ್ಕೆ 15 ಜನರ ಆಯೋಗ ಮಾಡಿದರು. ಎರಡೂ ಪಕ್ಷಕ್ಕೆ 7-7, ಹದಿನೈದನೆಯವರು ಯಾವ ಪಕ್ಷಕ್ಕೂ ಸೇರದ ಡೇವಿಸ್ ಅಂತ ಎಲ್ಲರ ಲೆಕ್ಕ. ಅಷ್ಟರಲ್ಲಿ ಇಲಿನಾಯ್ ಶಾಸನಸಭೆ ಅವರನ್ನು ಸೆನೆಟಿಗೆ ಆರಿಸಿತು, ಅವರು ಆಯೋಗಕ್ಕೆ ಬರಲೇ ಇಲ್ಲ. ಅವರ ಬದಲು ಸುಪ್ರೀಂ ಕೋರ್ಟಿನ ಇನ್ನೊಬ್ಬ ಜಡ್ಜ್ ಬ್ರ್ಯಾಡ್ಲಿ ಬಂದರು, ಆಯೋಗದಲ್ಲಿ ಹೇಯ್ಸ್ ಕಡೆಗೆ 8-7 ಆಯಿತು, ಹೇಯ್ಸ್ 185-184 ಎಲೆಕ್ಟೋರಲ್ ಮತಗಳಲ್ಲಿ ಗೆದ್ದರು.

— ಸರ್, ಎಷ್ಟು ಚೆನ್ನಾಗಿದೆ! ಆದರೆ ಮೂರನೇ ಸಾಲಿನಲ್ಲಿ 'ಒಳ್ಳೆ' ಅಂದಾಗ ಪ್ರಾಸ ತಪ್ಪಿತು. ಮಾತ್ರೆ ಸರಿಯಿದೆ, ಸುಮ್ನೆ 'ಚೊಕ್ಕಮನಸಿನ' ಅಂತ ಮಾಡಿಬಿಡಿ.

— ಹೌದಲ್ವಾ ಮೇಡಂ, ತಿದ್ದಿಕೊಂಡೆ. ಧನ್ಯವಾದ.

— ಪ್ರಾಸ ಸರಿಹೋಯಿತು, ಆದರೆ 'ಚೊಕ್ಕ' ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಇಡೀ ದೇಶ ನಂಬಿ ಕಾಯುತ್ತಿರುವಾಗ ಎದ್ದು ಹೋಗುವುದು ಸರಿಯಾ? ಅವರು ಕೂತಿದ್ದರೆ ಫಲಿತಾಂಶ ಯಾವ ಕಡೆಯಾದರೂ ಜನ ಅದನ್ನು ಜಾಸ್ತಿ ನಂಬುತ್ತಿದ್ದರು ಅನ್ನಿಸುತ್ತೆ. 'ಪಕ್ಕನೆಯೆ ಡೇವಿಸನು ಎದ್ದು ಹೊರಟೇ ಬಿಟ್ಟ' ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

— ಅದೂ ಚೆಂದ. ಆದರೆ ನಾನು 'ಚೊಕ್ಕ' ಬಿಡಲಾರೆ. ಲಿಂಕನ್ ತೀರಿಕೊಂಡ ಮೇಲೆ ಅವರ ಆಸ್ತಿಯನ್ನೆಲ್ಲ ನೋಡಿಕೊಂಡು, ಹೆಂಡತಿಗೂ ಇಬ್ಬರು ಮಕ್ಕಳಿಗೂ ಪಾಲು ಮಾಡಿಕೊಟ್ಟು, ಒಂದು ಕಾಸೂ ಫೀಸು ತೆಗೆದುಕೊಳ್ಳದ ಮನುಷ್ಯ ಸರ್ ಅವರು.

ಪೂರಣ 2

ಇಕ್ಕೆಲದ ಬಲ ಮತ್ತೆ ಸರಿಸಮದಿ ನಿಂತಿರಲು
ಸಿಕ್ಕದವ ಪಕ್ಷಕ್ಕೆ ಸೆನೆಟಿನಲಿ ಕುಳಿತ
ದಕ್ಕಿತವನಿಗೆ ಸಭೆಯ ಎತ್ತರದ ಗದ್ದುಗೆಯು
ತಕ್ಕಡಿಯ ಬಿಟ್ಟವನ ಕೈಯೊಳಗೆ ತೂಕ

ನಾನು 'ತಕ್ಕಡಿ'ಯನ್ನು ಕೋರ್ಟು ಅಂತ ಹಿಡಿದೆ. ಕೋರ್ಟು ಬಿಟ್ಟು ಹೋದರೂ 1881ರ ಸೆನೆಟಿನಲ್ಲಿ ಮತ್ತೆ ಅದೇ ಪರಿಸ್ಥಿತಿ, ಎರಡೂ ಪಕ್ಷಕ್ಕೆ 37-37. ಆ ವರ್ಷ ಡೇವಿಸ್ ಸೆನೆಟಿನ ಹಂಗಾಮಿ ಅಧ್ಯಕ್ಷರಾದರು. ಅಂದಹಾಗೆ ಅವರ ಮೈತೂಕವೂ 300 ಪೌಂಡ್ ಮೀರಿತ್ತು, ಸಮಸ್ಯೆಯ ಕೊನೆಯ ಪದ ಎಲ್ಲ ಕಡೆಯಿಂದಲೂ ಕೂತಿದೆ.

— ಭಲೇ! ಇಲ್ಲಿ 'ಬಿಟ್ಟವನ' ಅನ್ನುವ ಪದಕ್ಕೇ ಬೇರೆ ಅರ್ಥ ಬಂತು.

— 1866ರ ಮಿಲಿಗನ್ ತೀರ್ಪನ್ನು ಯಾರೂ ಮುಟ್ಟಲಿಲ್ಲವಲ್ಲ! ಊರಿನ ಕೋರ್ಟುಗಳು ತೆರೆದಿರುವಾಗ ಸಾಮಾನ್ಯ ಪ್ರಜೆಯನ್ನು ಸೇನೆಯ ಕೋರ್ಟಿನಲ್ಲಿ ವಿಚಾರಣೆ ಮಾಡುವ ಹಾಗಿಲ್ಲ ಅಂತ ಬರೆದದ್ದು ಡೇವಿಸ್. ಮಿಲಿಗನ್ ಅನ್ನುವವನ ಆ ಸೇನಾ ವಿಚಾರಣೆ ನಡೆದದ್ದು ಲಿಂಕನ್ ಸರ್ಕಾರದ ಕಾಲದಲ್ಲೇ. ನನಗೆ ಎರಡು ಸಾಲು ಬಂದಿವೆ:

ಅಕ್ಕರೆಯ ಗೆಳೆಯನೇ ಕೊಟ್ಟ ಪೀಠದಿ ಕುಳಿತು
ಹಕ್ಕುಗಳ ಪರವಾಗಿ ತೀರ್ಪೊಂದ ಬರೆದ

ಮೂರನೆಯದು ನಿನ್ನೆಯಿಂದ ಸಿಗುತ್ತಿಲ್ಲ. ಯಾರಾದರೂ ಹಿಡಿದುಕೊಡಿ.