ಬಾರಿನ ಹಿನ್ನೆಲೆ ಸಂಗೀತ: ಯಾವ ಹಾಡು, ಎಷ್ಟು ಸದ್ದು, ಯಾವ ಹೊತ್ತಿಗೆ?

ಪ್ರಶ್ನೆ: ತಾರಸಿಯವ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಕಾಲದಿಂದ ನಡೆದುಬಂದಿರುವ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಅನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕೆಳಗೆ ಸುಮಾರು 60 ಜನ ಕೂರುವ ಹಾಲ್ ಇದೆ. ಹೋದ ವರ್ಷ ಮೇಲಿನ ತೆರೆದ ತಾರಸಿಗೆ ಬಿದಿರಿನ ಚಪ್ಪರ ಹಾಕಿಸಿ ಇನ್ನೂ 40 ಜನಕ್ಕೆ ಜಾಗ ಮಾಡಿದ್ದೇವೆ. ತಂದೆಯವರ ಕಾಲದಲ್ಲಿ ಸಂಗೀತವೆಂದರೆ ಬೆಳಿಗ್ಗೆ ಬಾಗಿಲು ತೆರೆದು ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುವಾಗ ಹಾಕುತ್ತಿದ್ದ ಭಕ್ತಿಗೀತೆ ಮಾತ್ರ. ಆಮೇಲೆ ದಿನವಿಡೀ ಫ್ಯಾನ್ ಮತ್ತು ಟಿ.ವಿ.ಗಳದ್ದೇ ಸದ್ದು.

ಈಗ ಸಂಜೆ ಬರುವ ಹುಡುಗರು ಹಾಡು ಬೇಕೆನ್ನುತ್ತಾರೆ. ಎರಡು ದೊಡ್ಡ ಸ್ಪೀಕರ್ ತಂದು ಹಾಲಿನ ಒಂದು ತುದಿಯಲ್ಲಿ ಇಟ್ಟು, ನನ್ನ ಮೊಬೈಲಿನಿಂದಲೇ ಹಾಡು ಹಾಕುತ್ತಿದ್ದೇನೆ. ಸ್ಪೀಕರ್ ಪಕ್ಕದ ಮೂರು ಟೇಬಲ್ಲುಗಳಲ್ಲಿ ಯಾರೂ ಕೂರುವುದಿಲ್ಲ, ಕೊನೆಯ ಟೇಬಲ್ಲಿನವರು ಏನೂ ಕೇಳಿಸುವುದಿಲ್ಲ ಎನ್ನುತ್ತಾರೆ. ಮಧ್ಯಾಹ್ನ ಬರುವ ಹಳೆಯ ಗಿರಾಕಿಗಳು ಕನ್ನಡ ಹಾಡು ಕೇಳಿದರೆ, ರಾತ್ರಿ ಬರುವವರು ಇಂಗ್ಲಿಷ್, ಹಿಂದಿ, ಕೆಲವೊಮ್ಮೆ ಮಲಯಾಳ ಕೇಳುತ್ತಾರೆ. ಯಾವ ಬಗೆಯ ಸಂಗೀತವನ್ನು ಆರಿಸಿಕೊಂಡರೆ ಎಲ್ಲರಿಗೂ ಒಪ್ಪಿಗೆಯಾದೀತು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ತಂತಿ ಎಳೆಯುವವ, ಹುಬ್ಬಳ್ಳಿ

ಸರ್, ಹೋಟೆಲು, ಕಲ್ಯಾಣಮಂಟಪಗಳಿಗೆ ಸ್ಪೀಕರ್ ಅಳವಡಿಸುವುದು ನನ್ನ ಕೆಲಸ. ನಿಮ್ಮ ಪ್ರಶ್ನೆ ಹಾಡಿನ ಬಗ್ಗೆ ಇದ್ದರೂ ನಿಮ್ಮ ತೊಂದರೆಯ ಅರ್ಧಭಾಗ ಸ್ಪೀಕರ್ ಇಟ್ಟ ಜಾಗದ್ದು. ತೆರೆದ ಜಾಗದಲ್ಲಿ ಸ್ಪೀಕರಿನಿಂದ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ತುದಿಯಿಂದ ಇಡೀ ಹಾಲಿಗೆ ಕೇಳಿಸಲು ಹೊರಟರೆ ಹತ್ತಿರದವರ ಕಿವಿ ಹೋಗುತ್ತದೆ, ದೂರದವರಿಗೆ ಗುಂಯ್ ಎನ್ನುವುದಷ್ಟೇ ಉಳಿಯುತ್ತದೆ. ದೊಡ್ಡ ಸ್ಪೀಕರ್ ಎರಡರ ಬದಲು ಚಾವಣಿಯಲ್ಲಿ ಆರರಿಂದ ಎಂಟು ಸಣ್ಣ ಸ್ಪೀಕರುಗಳನ್ನು ಹರಡಿ ಕೂರಿಸಿ, ಪ್ರತಿಯೊಂದನ್ನೂ ಮೆಲ್ಲಗೆ ನುಡಿಸಿದರೆ ಯಾವ ಟೇಬಲ್ಲಿಗೂ ಅತಿಯಾಗುವುದಿಲ್ಲ.

ಎರಡನೆಯದು, ನಮ್ಮ ಬಾರುಗಳ ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಟೇಬಲ್ಲಿಗೆ ಗಾಜು. ತೊಳೆಯಲು ಸುಲಭವೇ ಹೌದು, ಆದರೆ ಸದ್ದನ್ನು ಹೀರುವ ವಸ್ತು ಒಂದೂ ಇರುವುದಿಲ್ಲ. ಒಂದು ಗೋಡೆಗಾದರೂ ದಪ್ಪ ಪರದೆಯನ್ನೋ ರಂಧ್ರವಿರುವ ಮರದ ಹಲಗೆಯನ್ನೋ ಹಾಕಿಸಿ. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದಾರೆ: ಸುತ್ತ ಸದ್ದು ಹೆಚ್ಚಿದಂತೆ ಮನುಷ್ಯ ತನಗೆ ತಿಳಿಯದೆಯೇ ದನಿ ಏರಿಸುತ್ತಾನೆ. ನೀವು ಹಾಡಿನ ಸದ್ದು ಏರಿಸಿದರೆ ಟೇಬಲ್ಲಿನವರು ಮಾತಿನ ಸದ್ದು ಏರಿಸುತ್ತಾರೆ, ಮಾತಿನ ಗದ್ದಲದಲ್ಲಿ ಹಾಡು ಕೇಳುತ್ತಿಲ್ಲವೆಂದು ನೀವು ಮತ್ತೆ ಏರಿಸುತ್ತೀರಿ. ಒಂಬತ್ತು ಗಂಟೆಯ ಹೊತ್ತಿಗೆ ಅದು ಸಂತೆಯಾಗಿರುತ್ತದೆ. ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಸಂಗೀತ ಅದರ ಆಸುಪಾಸಿನಲ್ಲಿದ್ದರೆ ಅದು ಹಿನ್ನೆಲೆ, ಅದನ್ನು ಬಹಳ ದಾಟಿದರೆ ಮುನ್ನೆಲೆ. ಮೊಬೈಲಿನ ಅಳತೆ ಆ್ಯಪ್ ಕರಾರುವಾಕ್ಕಲ್ಲದಿದ್ದರೂ ನಿನ್ನೆಗಿಂತ ಇಂದು ಹೆಚ್ಚೇ ಕಡಿಮೆಯೇ ಎಂದು ತಿಳಿಯಲು ಸಾಕು.

ಉತ್ತರ 2: ಹಳೆಯ ಸಪ್ಲೈಯರ್, ಬೆಂಗಳೂರು

ಹುಬ್ಬಳ್ಳಿಯವರು ಹೇಳಿದ್ದು ಸರಿ. ನಾನು ಹದಿನೈದು ವರ್ಷ ಬಾರುಗಳಲ್ಲಿ ಸಪ್ಲೈಯರ್ ಆಗಿ, ಆಮೇಲೆ ಮ್ಯಾನೇಜರ್ ಆಗಿ ದುಡಿದವನು. ಟೇಬಲ್ಲುಗಳ ನಡುವೆ ಓಡಾಡುತ್ತಾ ಕಂಡದ್ದನ್ನು ಬರೆಯುತ್ತೇನೆ.

“ಎಲ್ಲರಿಗೂ ಒಪ್ಪುವ ಸಂಗೀತ” ಎಂಬ ಹುಡುಕಾಟವನ್ನು ಮೊದಲು ಬಿಡಿ. ಮಧ್ಯಾಹ್ನದ ಗಿರಾಕಿ ಬೇರೆ, ಸಂಜೆಯ ಗಿರಾಕಿ ಬೇರೆ. ಮಧ್ಯಾಹ್ನ ಬರುವವರಲ್ಲಿ ಹೆಚ್ಚಿನವರು ಒಬ್ಬೊಬ್ಬರೇ ಬಂದು, ಒಂದು ಕ್ವಾರ್ಟರ್ ಮತ್ತು ಒಂದು ತಟ್ಟೆ ಕಡಲೆಬೀಜ ಮುಂದಿಟ್ಟುಕೊಂಡು, ಯಾರ ಜೊತೆಗೂ ಮಾತಿಲ್ಲದೆ ಕೂರುತ್ತಾರೆ. ಅವರಿಗೆ ಹಾಡೇ ಜೊತೆಗಾರ; ಆದ್ದರಿಂದ ಸಾಹಿತ್ಯ ಸ್ಪಷ್ಟವಾಗಿ ಕೇಳಿಸುವ 70-80ರ ದಶಕದ ಕನ್ನಡ ಚಿತ್ರಗೀತೆಗಳು ಆ ಹೊತ್ತಿಗೆ ಹೇಳಿ ಮಾಡಿಸಿದಂತಿರುತ್ತವೆ. ಸಂಜೆ ಬರುವವರು ನಾಲ್ವರು, ಆರು ಜನ ಸೇರಿ ಮಾತಾಡಲೆಂದೇ ಬರುತ್ತಾರೆ. ತನ್ನ ಭಾಷೆಯ ಹಾಡಿನ ಮಾತುಗಳು ಕಿವಿಗೆ ಬಿದ್ದರೆ ಮನಸ್ಸು ಅತ್ತ ಹೋಗಿಯೇ ಹೋಗುತ್ತದೆ, ಮಾತಿನ ಎಳೆ ತಪ್ಪುತ್ತದೆ. ಅವರ ಮಾತು ಕುದುರುವವರೆಗಾದರೂ, ಅಂದರೆ ಏಳರಿಂದ ಎಂಟೂವರೆಯವರೆಗೆ, ಮಾತಿಲ್ಲದ ಸಂಗೀತ ಹಾಕಿ: ಗಿಟಾರ್, ಪಿಯಾನೊ, ಮೆಲುವಾದ ಜಾಝ್, ಬ್ರೆಜಿಲಿನ ಬೋಸಾ ನೋವಾ. ಆಮೇಲೆ ಎಲ್ಲ ಭಾಷೆಯ ಹಾಡುಗಳನ್ನೂ ಬೆರೆಸಬಹುದು.

ಮಾತಿಲ್ಲದ ಸಂಗೀತವೆಂದ ಕೂಡಲೇ ಒಂದು ಎಚ್ಚರಿಕೆ. ವಾದ್ಯಸಂಗೀತ ತಾನೇ ಎಂದು ಸ್ಯಾಕ್ಸೊಫೋನಿನಲ್ಲೋ ವೀಣೆಯಲ್ಲೋ ನುಡಿಸಿದ ಕರ್ನಾಟಕ ಸಂಗೀತದ ಕೃತಿಗಳನ್ನು ಹಾಕಬೇಡಿ. ವಾದ್ಯಕ್ಕೆ ಮಾತಿಲ್ಲದಿದ್ದರೂ ಕೇಳುವವನಿಗೆ ಮಾತು ಬಾಯಿಪಾಠವಿರುತ್ತದೆ. ದಾಸರ ಪದ ನುಡಿಯುತ್ತಿರುವಾಗ ಚಿಕನ್ ಕಬಾಬ್ ತಂದಿಟ್ಟದ್ದಕ್ಕೆ ಹಿರಿಯ ಗಿರಾಕಿಯೊಬ್ಬರು ಎದ್ದು ಹೋದದ್ದನ್ನು ನೋಡಿದ್ದೇನೆ. ಬೆಳಗಿನ ಪೂಜೆಯ ಹಾಡೂ ಪೂಜೆಗೇ ಮುಗಿಯಲಿ, ಮೊದಲ ಗಿರಾಕಿ ಕೂರುವ ಮುನ್ನ ನಿಲ್ಲಲಿ.

ಲಯದ ಬಗ್ಗೆ ಹೇಳುವುದಾದರೆ, ಅಮೆರಿಕದ ರೊನಾಲ್ಡ್ ಮಿಲಿಮನ್ ಎಂಬುವರು 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಮ್ಮ ವೃತ್ತಿಯವರು ಆಗಾಗ ಉಲ್ಲೇಖಿಸುತ್ತಾರೆ. ಒಂದೇ ರೆಸ್ಟೋರೆಂಟಿನಲ್ಲಿ ನಿಧಾನ ಲಯದ ಸಂಗೀತವಿದ್ದ ದಿನಗಳಲ್ಲಿ ಜನ ಸರಾಸರಿ 56 ನಿಮಿಷ ಕುಳಿತರೆ, ವೇಗದ ಲಯವಿದ್ದ ದಿನಗಳಲ್ಲಿ 45 ನಿಮಿಷ ಕುಳಿತರು. ಊಟದ ಖರ್ಚು ಹೆಚ್ಚುಕಡಿಮೆ ಒಂದೇ ಇದ್ದರೂ, ನಿಧಾನ ಲಯದ ದಿನಗಳಲ್ಲಿ ಪಾನೀಯದ ಖರ್ಚು ಗಣನೀಯವಾಗಿ ಏರಿತ್ತು. ನನ್ನ ಅನುಭವವೂ ಅದೇ. ಟೇಬಲ್ ಖಾಲಿಯಿರುವ ಮಂಗಳವಾರ ನಿಧಾನದ್ದು ಹಾಕಬೇಕು, ಬಾಗಿಲಲ್ಲಿ ಜನ ಕಾಯುವ ಶನಿವಾರ ಸ್ವಲ್ಪ ಚುರುಕಿನದ್ದು.

ಜೋರು ಸದ್ದಿಗೆ ಜನ ಬೇಗ ಕುಡಿಯುತ್ತಾರೆಂಬುದೂ ನಿಜ. ಫ್ರಾನ್ಸಿನ ಬಾರುಗಳಲ್ಲಿ ನಿಕೊಲಾ ಗೆಗೆನ್ ಮತ್ತು ಸಂಗಡಿಗರು ಮಾಡಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸದ್ದನ್ನು 72ರಿಂದ 88 ಡೆಸಿಬೆಲಿಗೆ ಏರಿಸಿದಾಗ ಒಂದು ಗ್ಲಾಸ್ ಬಿಯರ್ ಮುಗಿಯುವ ಸಮಯ ಹದಿನಾಲ್ಕೂವರೆ ನಿಮಿಷದಿಂದ ಹನ್ನೊಂದೂವರೆಗೆ ಇಳಿಯಿತು. ಇದನ್ನು ಓದಿ ಸದ್ದು ಏರಿಸುವ ಆಸೆ ಯಾವ ಮಾಲೀಕನಿಗಾದರೂ ಬಂದೀತು. ಆದರೆ ಬೇಗ ಕುಡಿದವನು ಸೈಡ್ಸ್ ಕಡಿಮೆ ಹೇಳುತ್ತಾನೆ, ಊಟ ಮಾಡದೆ ಏಳುತ್ತಾನೆ, ಬಿಲ್ಲಿನ ಹತ್ತಿರ ಜಗಳ ತೆಗೆಯುತ್ತಾನೆ. ಸಪ್ಲೈಯರಿಗೆ ಆರ್ಡರ್ ಸರಿಯಾಗಿ ಕೇಳಿಸದೆ ವಿಸ್ಕಿ ಹೇಳಿದವನಿಗೆ ಬ್ರಾಂದಿ ಹೋಗುತ್ತದೆ. ದಿನಕ್ಕೆ ಹತ್ತು ಗಂಟೆ ಅದೇ ಸದ್ದಿನಲ್ಲಿ ನಿಲ್ಲುವವನು ಅವನೇ ಎಂಬುದನ್ನೂ ಮರೆಯಬೇಡಿ. 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯುವುದು ಕಿವಿಗೆ ಅಪಾಯವೆಂದು ಗಣಿಸಲಾಗುತ್ತದೆ. ಹಾಡಿನ ಪಟ್ಟಿ ಚಿಕ್ಕದಿದ್ದರೆ ಗಿರಾಕಿಗೆ ಗೊತ್ತಾಗದಿರಬಹುದು, ಅಡುಗೆಮನೆಯವರೆಗಿನ ಎಲ್ಲರಿಗೂ ಹುಚ್ಚು ಹಿಡಿಯುತ್ತದೆ.

ಕೊನೆಯದಾಗಿ, ರಾತ್ರಿ ಹತ್ತರ ನಂತರ ವಿರಹಗೀತೆ ಬೇಡ. ಕೇಳುವವರು ಬಹಳ, ಅತ್ತ ಮೇಲೆ ಆಟೊ ಹತ್ತಿಸುವವರು ನಾವೇ.

ಉತ್ತರ 3: ಕಲಂ ಓದುವವ, ಶಿವಮೊಗ್ಗ

ಯಾರೂ ಕಾನೂನಿನ ಮಾತೆತ್ತದ ಕಾರಣ ಬರೆಯುತ್ತಿದ್ದೇನೆ. ತಾವು ಸ್ವಂತ ಮೊಬೈಲಿನಿಂದ ಹಾಡು ಹಾಕುತ್ತಿರುವುದಾಗಿ ತಿಳಿಸಿದ್ದೀರಿ. ಸ್ಪಾಟಿಫೈನಂಥ ಆ್ಯಪ್‌ಗಳ ಚಂದಾ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರವೆಂದು ಅವುಗಳ ಕರಾರಿನಲ್ಲಿಯೇ ಇರುತ್ತದೆ. ಹಣ ಕಟ್ಟಿದ್ದೇನೆಂಬ ಕಾರಣಕ್ಕೆ ಬಾರಿನಲ್ಲಿ ನುಡಿಸುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಹಾಡಿನಲ್ಲಿ ಎರಡು ಪದರದ ಹಕ್ಕುಗಳಿವೆ. ಗೀತಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಮೊದಲನೆಯದಕ್ಕೆ 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ), ಎರಡನೆಯದಕ್ಕೆ 1941ರಿಂದಿರುವ ಪಿಪಿಎಲ್ (ಫೋನೊಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್) ಮುಂತಾದ ಸಂಸ್ಥೆಗಳು ಪರವಾನಗಿ ಕೊಡುತ್ತವೆ. ಪಿಪಿಎಲ್ ಹೀಗೆ ಪರವಾನಗಿ ಕೊಡಬಹುದೇ ಎಂಬ ವ್ಯಾಜ್ಯ 2025ರಲ್ಲಿ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೂ ಹೋಗಿರುವುದರಿಂದ, ಹಣ ಕಟ್ಟುವ ಮುನ್ನ ವಕೀಲರೊಬ್ಬರನ್ನು ವಿಚಾರಿಸಿ.

ಹಳೆಯ ಹಾಡಿಗೆ ಹಕ್ಕಿಲ್ಲವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ, ಸಾಹಿತ್ಯ ಮತ್ತು ಸಂಗೀತದ್ದು ರಚಿಸಿದವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಮೇಲಿನವರು ಸೂಚಿಸಿದ 70-80ರ ದಶಕದ ಹಾಡುಗಳಿಗೆ ಎರಡೂ ಹಕ್ಕುಗಳು ಇನ್ನೂ ಜೀವಂತವಾಗಿವೆ.

ತಮಗಿರುವ ಇನ್ನೂ ದೊಡ್ಡ ಅಪಾಯ ತಾರಸಿಯದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ವಿನಾಯಿತಿ ಇರುವುದು ಮುಚ್ಚಿದ ಆವರಣದೊಳಗೆ ಮಾತ್ರ, ಮತ್ತು ಬಿದಿರಿನ ಚಪ್ಪರವನ್ನು ಮುಚ್ಚಿದ ಆವರಣವೆಂದು ಯಾವ ಅಧಿಕಾರಿಯೂ ಒಪ್ಪಲಾರರು. ಅದೇ ನಿಯಮಗಳಲ್ಲಿ ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್; ವಸತಿ ಪ್ರದೇಶಕ್ಕೆ 55 ಮತ್ತು 45. ಖಾಸಗಿ ಧ್ವನಿವ್ಯವಸ್ಥೆಯ ಸದ್ದು ಖಾಸಗಿ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್ ಮಾತ್ರ ಹೆಚ್ಚಿರಬಹುದು. ಹಿಂದಿನ ಬೀದಿ ಮನೆಗಳದ್ದೇ? ನೂರು ಮೀಟರಿನೊಳಗೆ ಆಸ್ಪತ್ರೆಯೋ ಶಾಲೆಯೋ ಇದೆಯೇ? ಇದ್ದಲ್ಲಿ ಲೆಕ್ಕ ಇನ್ನೂ ಬಿಗಿಯಾಗಬಹುದು.

ಪ್ರಶ್ನೆ ಕೇಳಿದವರು: ತಾರಸಿಯವ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಹಿಂದಿನ ಬೀದಿ ಮನೆಗಳದ್ದೇ, ಆಸ್ಪತ್ರೆ ಇಲ್ಲ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಪರವಾನಗಿಯ ಬಗ್ಗೆ ವಕೀಲರನ್ನು ಕಂಡಿದ್ದೇನೆ, ಅದು ಇತ್ಯರ್ಥವಾಗುವವರೆಗೆ ಮೊಬೈಲಿನಿಂದ ಹಾಡು ಹಾಕುವುದನ್ನು ನಿಲ್ಲಿಸಿದ್ದೇನೆ. ದೊಡ್ಡ ಸ್ಪೀಕರ್ ತೆಗೆಸಿ ಚಾವಣಿಗೆ ಎಂಟು ಸಣ್ಣವನ್ನು ಹಾಕಿಸಿದ್ದಾಗಿದೆ.

ವಿಚಿತ್ರವೆಂದರೆ, ಸಂಗೀತವೇ ಇಲ್ಲದ ಈ ಮೂರು ವಾರಗಳಲ್ಲಿ ಮಧ್ಯಾಹ್ನದ ಗಿರಾಕಿಗಳು ದಿನವೂ ಹಾಡೆಲ್ಲಿ ಎಂದು ಕೇಳಿದರು, ಸಂಜೆಯವರಲ್ಲಿ ಕೇಳಿದ್ದು ಇಬ್ಬರು ಮಾತ್ರ. ಹಾಡು ಯಾರಿಗೆ ಬೇಕೆಂಬುದನ್ನು ನಾನು ತಿರುಗುಮುರುಗಾಗಿ ತಿಳಿದಿದ್ದೆನೆಂದು ತೋರುತ್ತದೆ. ಇನ್ನು ಎರಡು ಸಂಶಯಗಳಿವೆ. ಕ್ರಿಕೆಟ್ ಪಂದ್ಯವಿರುವ ದಿನ ಏನು ಮಾಡಬೇಕು? ತಾರಸಿಯಲ್ಲಿ ಹತ್ತಕ್ಕೆ ಸಂಗೀತ ನಿಲ್ಲಿಸಿದರೆ ಜನ ಎದ್ದು ಹೋಗುವುದಿಲ್ಲವೇ?

ಉತ್ತರ: ಹಳೆಯ ಸಪ್ಲೈಯರ್, ಬೆಂಗಳೂರು

ಪಂದ್ಯದ ದಿನ ಟಿ.ವಿ. ದನಿ ಅಥವಾ ಹಾಡು, ಎರಡರಲ್ಲಿ ಒಂದು ಮಾತ್ರ. ಎರಡೂ ಸೇರಿದರೆ ಯಾವುದೂ ಕೇಳಿಸುವುದಿಲ್ಲ.

ತಾರಸಿಯಲ್ಲಿ ಥಟ್ಟನೆ ನಿಲ್ಲಿಸಬೇಡಿ. ಥಟ್ಟನೆ ನಿಂತರೆ ಎಲ್ಲರೂ ತಲೆಯೆತ್ತಿ ಗಡಿಯಾರ ನೋಡುತ್ತಾರೆ, ಬಿಲ್ ಕೇಳುತ್ತಾರೆ. ಒಂಬತ್ತೂವರೆಯಿಂದ ಐದೈದು ನಿಮಿಷಕ್ಕೆ ಒಂದೊಂದು ಗೆರೆಯಷ್ಟು ಇಳಿಸುತ್ತಾ ಬನ್ನಿ. ಆ ಹೊತ್ತಿಗೆ ಮಾತು ಚೆನ್ನಾಗಿ ಕುದುರಿರುತ್ತದೆ. ಹತ್ತಕ್ಕೆ ಐದು ನಿಮಿಷವಿರುವಾಗ ಪೂರ್ತಿ ನಿಲ್ಲಿಸಿದರೂ ತಾರಸಿಯಲ್ಲಿ ಅದನ್ನು ಗಮನಿಸುವವನು ನಿಮ್ಮ ಸಪ್ಲೈಯರ್ ಒಬ್ಬನೇ.