ವೆಬ್‌ಡ್ರೈವರ್ ಬೈಡೈ: ಮೈಲ್‌ಸ್ಟೋನ್ ಹೇಗೆ ಹಾಕಿದಿರಿ?

ನಾವು ಮೂವರು ಸೇರಿ ಒಂದು ಸಣ್ಣ ಬ್ರೌಸರ್‌ಗೆ ವೆಬ್‌ಡ್ರೈವರ್ ಬೈಡೈ (ಟೆಸ್ಟ್ ಪ್ರೋಗ್ರಾಂಗಳು ಬ್ರೌಸರನ್ನು ಹೊರಗಿನಿಂದ ನಡೆಸಲು ಇರುವ ಪ್ರೋಟೋಕಾಲ್) ಸೇರಿಸುತ್ತಿದ್ದೇವೆ. ಆರು ತಿಂಗಳಿಗೆ ಮೈಲ್‌ಸ್ಟೋನ್ ಬರೆದುಕೊಡಿ ಅಂತ ಮ್ಯಾನೇಜರ್ ಕೇಳಿದ್ದಾರೆ. ಅದರ ಸ್ಪೆಕ್‌ನಲ್ಲಿ (ಅಧಿಕೃತ ವಿವರಣೆಯಲ್ಲಿ) ಇರುವ ಹಾಗೆ ತಿಂಗಳಿಗೊಂದು ಮಾಡ್ಯೂಲ್ (ಕಮಾಂಡ್, ಈವೆಂಟ್‌ಗಳ ಒಂದು ಗುಂಪು) ಅಂತ ಹಾಕಿದರೆ ಆಗುತ್ತಾ? ಮಾಡಿದವರಿದ್ದರೆ ದಯವಿಟ್ಟು ಹೇಳಿ.

ಉತ್ತರ 1

ಮಾಡ್ಯೂಲ್ ಲೆಕ್ಕದಲ್ಲಿ ಹಾಕಬೇಡಿ. ನಾವು ಹಾಗೇ ಹಾಕಿ ಪೆಟ್ಟು ತಿಂದೆವು. ಮೊದಲು ಸೆಷನ್, ಆಮೇಲೆ ಲಾಗ್, ಮೂರನೇ ತಿಂಗಳು ಬ್ರೌಸಿಂಗ್ ಕಾಂಟೆಕ್ಸ್ಟ್ (ಟ್ಯಾಬ್, ಐಫ್ರೇಮ್‌ಗಳನ್ನು ನೋಡಿಕೊಳ್ಳುವುದು). ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಲಾಗ್ ಮುಗಿಯಿತು ಅಂತ ಒಂದು ಪೇಮೆಂಟ್ ಪುಟ ತೆರೆದು ನೋಡಿದರೆ, ಕನ್ಸೋಲ್ ಎರರ್ ಸರಿಯಾಗಿ ಬಂತು, ಆದರೆ ಅದರ ಜೊತೆ ಬಂದ ಕಾಂಟೆಕ್ಸ್ಟ್ ಐಡಿ ನಾವು ತೆರೆದಿದ್ದ ಯಾವ ಟ್ಯಾಬಿನದೂ ಅಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅದು ಪುಟದೊಳಗೆ ಕೂತಿದ್ದ ಇನ್ನೊಂದು ಪುಟದ್ದು, ಅಂದರೆ ಐಫ್ರೇಮಿನದು. ಹೊಸ ಐಫ್ರೇಮ್ ಬಂತು ಅಂತ ತಿಳಿಸುವ ಈವೆಂಟ್ ಇರುವುದು ಬ್ರೌಸಿಂಗ್ ಕಾಂಟೆಕ್ಸ್ಟ್ ಮಾಡ್ಯೂಲ್‌ನಲ್ಲಿ, ಅದನ್ನು ನಾವಿನ್ನೂ ಮುಟ್ಟಿರಲೇ ಇಲ್ಲ.

ಆಮೇಲೆ ಪಟ್ಟಿ ಬಿಟ್ಟು, ನಿಜವಾದ ಒಂದು ಟೆಸ್ಟ್ ಹಿಡಿದುಕೊಂಡೆವು. ಪುಟ ತೆರೆ, ಲಾಗಿನ್ ಆಗು, ಬಟನ್ ಒತ್ತು, ಕನ್ಸೋಲ್‌ನಲ್ಲಿ ಎರರ್ ಇಲ್ಲ ಅಂತ ನೋಡು. ಇಷ್ಟು ಕೆಲಸಕ್ಕೆ ಯಾವ ಮಾಡ್ಯೂಲ್‌ನಿಂದ ಎಷ್ಟು ಬೇಕೋ ಅಷ್ಟೇ ಮೊದಲ ಮೈಲ್‌ಸ್ಟೋನ್. ಸಂಬಂಧಪಟ್ಟ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್‌ಗಳು ಪಾಸಾಗುವ ತನಕ "ಮುಗಿಯಿತು" ಅನ್ನುವ ಮಾತೇ ಇಲ್ಲ. ಆ ಟೆಸ್ಟ್‌ಗಳನ್ನು ಎಲ್ಲಾ ಬ್ರೌಸರ್‌ನವರೂ ಬಳಸುತ್ತಾರೆ, ನೀವು ಮೊದಲಿನಿಂದ ಬರೆಯಬೇಕಾಗಿಲ್ಲ.

ಚಿಕ್ಕದಾಗಿ ಬಿಟ್ಟರೆ ಯಾರೂ ಬೈಯುವುದಿಲ್ಲ. ಫೈರ್‌ಫಾಕ್ಸ್ 2022ರ ಜೂನ್‌ನಲ್ಲಿ 102ನೇ ಆವೃತ್ತಿಯಲ್ಲಿ ಬೈಡೈ ಕೊಟ್ಟಾಗ ಸ್ಪೆಕ್‌ನ ಒಂದು ಸಣ್ಣ ಭಾಗ ಮಾತ್ರ ಇತ್ತು. ಅದೇ ಬೈಡೈ ಮೇಲೆ ಪಪಿಟಿಯರ್‌ನಲ್ಲಿ (ಬ್ರೌಸರ್ ನಡೆಸುವ ಒಂದು ಲೈಬ್ರರಿ) ಫೈರ್‌ಫಾಕ್ಸ್‌ಗೆ ಸ್ಥಿರ ಬೆಂಬಲ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಎರಡು ವರ್ಷಕ್ಕೂ ಜಾಸ್ತಿ, ಅದೂ ಅಷ್ಟು ಅನುಭವ ಇರುವ ತಂಡಕ್ಕೆ. ನಿಮ್ಮ ಮ್ಯಾನೇಜರ್‌ಗೆ ಇದನ್ನು ಈಗಲೇ ತೋರಿಸಿ.

ನೆಟ್‌ವರ್ಕ್ ಇಂಟರ್‌ಸೆಪ್ಟ್ ಮಾತ್ರ ಬೇರೆಯೇ ಇಡಿ, ಅಂದುಕೊಂಡದ್ದಕ್ಕಿಂತ ಎರಡರಷ್ಟು ದಿನ ಕೊಡಿ. ಅಲ್ಲಿ ರಿಕ್ವೆಸ್ಟನ್ನು ತಡೆದು, ಕ್ಲೈಂಟ್ (ಟೆಸ್ಟ್ ಓಡಿಸುವ ಪ್ರೋಗ್ರಾಂ) "ಮುಂದೆ ಬಿಡು" ಅನ್ನುವವರೆಗೆ ಕಾಯಬೇಕು. ಕ್ಲೈಂಟ್ ನಡುವೆ ಸತ್ತುಹೋದರೆ ಆ ರಿಕ್ವೆಸ್ಟ್ ಗತಿ ಏನು, ಅದನ್ನೂ ನೀವೇ ನೋಡಿಕೊಳ್ಳಬೇಕು.

ಉತ್ತರ 2

ಮೇಲೆ ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ಪುಟ ತೆರೆಯುವ ನ್ಯಾವಿಗೇಟ್ ಕಮಾಂಡನ್ನು ಒಂದೇ ಸಾಲಿನ ಕೆಲಸ ಅಂತ ಬರೆಯಬೇಡಿ. ಅದಕ್ಕೆ ಕಾಯುವ ಬಗೆ ಮೂರಿದೆ: ಕಾಯದೇ ಉತ್ತರ ಕೊಡುವುದು, ಡಾಕ್ಯುಮೆಂಟ್ ಓದಿ ಮುಗಿಯುವವರೆಗೆ ಕಾಯುವುದು, ಪೂರ್ತಿ ಲೋಡ್ ಆಗುವವರೆಗೆ ಕಾಯುವುದು. ಮೊದಲನೆಯದು ನಮಗೆ ಎರಡೇ ದಿನದಲ್ಲಿ ಆಯಿತು. ಮೂರನೆಯದರಲ್ಲಿ, ಪುಟ ಲೋಡ್ ಆಗುತ್ತಿರುವಾಗಲೇ ಅದರ ಸ್ಕ್ರಿಪ್ಟ್ ಬೇರೆ ವಿಳಾಸಕ್ಕೆ ಎಳೆದುಕೊಂಡು ಹೋದರೆ ಹಳೇ ಕಮಾಂಡಿಗೆ ಏನು ಉತ್ತರ ಕೊಡಬೇಕು ಅನ್ನುವುದಕ್ಕೇ ಮೂರು ವಾರ ಹಿಡಿಯಿತು. ಇವನ್ನು ಎರಡು ಮೈಲ್‌ಸ್ಟೋನ್‌ಗೆ ಹಂಚಿ. ನಿಮ್ಮ ಬ್ರೌಸರ್ ಪುಟಗಳನ್ನು ಬೇರೆ ಬೇರೆ ಪ್ರೊಸೆಸ್‌ನಲ್ಲಿ ಓಡಿಸುತ್ತದಾ? ಹಾಗಿದ್ದರೆ ಇನ್ನೂ ಒಂದು ವಾರ ಸೇರಿಸಿಕೊಳ್ಳಿ.